ಐದನೇ ಕಾಲು

ಕಳೆದ ಮಾರ್ಚ್‌ನಲ್ಲಿ ನಮ್ಮ ಫೀಡ್‌ಬ್ಯಾಕ್ ಸಾರ್ ತೀರಿಕೊಂಡರು. ಸುದ್ದಿ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿಗೆ ಬಂದಾಗ ಅವರ ಅಸಲಿ ಹೆಸರು ನೋಡಿ ಅರ್ಧ ಜನಕ್ಕೆ ಯಾರು ಅಂತಲೇ ಗೊತ್ತಾಗಲಿಲ್ಲ. "ಯಾರೋ ಇವರು?" ಅಂತ ಒಬ್ಬ ಕೇಳಿದ. "ಲೋ, ಫೀಡ್‌ಬ್ಯಾಕು" ಅಂತ ಇನ್ನೊಬ್ಬ ಬರೆದ. ಆಮೇಲೆ ತುಂಬ ಹೊತ್ತು ಯಾರೂ ಏನೂ ಬರೆಯಲಿಲ್ಲ.

ನಾನು ಸಾರ್ ಪಾಠ ಮಾಡುತ್ತಿದ್ದ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದು 1986ರಿಂದ 89ರವರೆಗೆ. ಏನೇನು ಪಾಠ ಇತ್ತು ಅಂದರೆ ಈಗ ನೆನಪಿಲ್ಲ. ನೆಟ್‌ವರ್ಕ್ ಥಿಯರಿ ಅಂತ ಒಂದಿತ್ತು, ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದರಿಂದ ಅದೊಂದು ಹೆಸರು ಉಳಿದಿದೆ.

ಸಾರ್ ಮೊದಲ ದಿನ ಕ್ಲಾಸಿಗೆ ಬಂದದ್ದು ಕಂಕುಳಲ್ಲಿ ಒಂದು ಹಳೇ ಪೇಪರ್ ಇಟ್ಟುಕೊಂಡು. ಬೋಂಡ ಕಟ್ಟಿಸಿಕೊಂಡು ಬಂದಿದ್ದಾರೆ ಅಂದುಕೊಂಡೆವು. ಅವರು ಪೇಪರ್ ಬಿಡಿಸಿ, ಬೋರ್ಡಿಗೆ ಒತ್ತಿ ಹಿಡಿದು, ಸುದ್ದಿಗಳ ಮೇಲೆಯೇ ಒಂದು ತ್ರಿಕೋನ ಬರೆದರು. ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರಿಗೆ ಅದೇ ಗುರುತು. ತ್ರಿಕೋನದ ಮೂಗಿನಿಂದ ಒಂದು ಗೆರೆ ಎಳೆದು ಹಿಂದಕ್ಕೆ ತಂದು ಸೇರಿಸಿದರು. "ಇಷ್ಟೇ ಕಣ್ರಪ್ಪಾ. ಇಷ್ಟು ಬರೆದದ್ದಕ್ಕೆ ಪ್ರಪಂಚ ಬದಲಾಯಿತು."

ಕಥೆ ಹೆರಾಲ್ಡ್ ಬ್ಲ್ಯಾಕ್‌ನದು. 1927ರ ಆಗಸ್ಟ್ 2ರ ಬೆಳಿಗ್ಗೆ 29 ವರ್ಷದ ಈ ಮನುಷ್ಯ ಹಡ್ಸನ್ ನದಿ ದಾಟಿ ನ್ಯೂಯಾರ್ಕಿನ ಬೆಲ್ ಲ್ಯಾಬ್ಸ್‌ಗೆ ಕೆಲಸಕ್ಕೆ ಹೋಗುತ್ತಿದ್ದ. ದೂರದೂರಿಗೆ ಟೆಲಿಫೋನ್ ಮಾತು ತಲುಪಬೇಕಾದರೆ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಇಡಬೇಕು. ಪ್ರತಿಯೊಂದೂ ಮಾತನ್ನು ಒಂಚೂರು ಕೆಡಿಸುತ್ತಿತ್ತು. ವರ್ಷಗಟ್ಟಲೆ ಅದೇ ತಲೆನೋವು. ಫೆರಿಯಲ್ಲಿ ನಿಂತಿದ್ದಾಗ ಉಪಾಯ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಮೇಲೆಯೇ ಬರೆದುಕೊಂಡ. ಹೊರಗೆ ಬಂದ ಸಿಗ್ನಲ್‌ನಲ್ಲಿ ಒಂದು ಪಾಲು ತಿರುಗಿಸಿ ತಂದು, ಒಳಗೆ ಬರುವುದರಿಂದ ಕಳೆಯಬೇಕು. ಇದೇ ನೆಗೆಟಿವ್ ಫೀಡ್‌ಬ್ಯಾಕ್. ಕಳೆಯದೆ ಕೂಡಿಸಿದರೆ ಪಾಸಿಟಿವ್. ಲಕ್ಷ ಪಟ್ಟು ಹೆಚ್ಚಿಸುವ ಆಂಪ್ಲಿಫೈಯರ್ ಆಗ ಬರೀ ಹತ್ತು ಪಟ್ಟು ಹೆಚ್ಚಿಸುತ್ತದೆ. ಆದರೆ ಆ ಹತ್ತು ಪಟ್ಟು ಅಚ್ಚುಕಟ್ಟು. ಇದ್ದದ್ದನ್ನು ಬಿಟ್ಟುಕೊಟ್ಟರೆ ಲಾಭ ಅಂದರೆ ಪೇಟೆಂಟ್ ಆಫೀಸಿನವರಾದರೂ ಹೇಗೆ ನಂಬುತ್ತಾರೆ? 1928ರಲ್ಲಿ ಹಾಕಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

"ಹಾಡುವವನ ಒಂದು ಕಿವಿ ತಂಬೂರಿ ಮೇಲೆ, ಇನ್ನೊಂದು ತನ್ನ ಗಂಟಲ ಮೇಲೆ ಇರುತ್ತಲ್ಲ, ಅದೇ ಇದು" ಅನ್ನುತ್ತ ಸಾರ್ ಕಿವಿಗೆ ಕೈ ಅಡ್ಡ ಹಿಡಿದು ತೋರಿಸುತ್ತಿದ್ದರು. ವರ್ಷಪೂರ್ತಿ ತೋರಿಸಿದರು. ಹೆಸರು ಬರದೆ ಇರುತ್ತದೆಯೇ?

741 ಐಸಿ, ಅಂದರೆ ಒಂದೇ ಚಿಪ್ಪಿನಲ್ಲಿ ಕೂರಿಸಿದ ಆಂಪ್ಲಿಫೈಯರ್, ಅದರ ಬಗ್ಗೆಯೂ ಹೀಗೇ. ಬಾಬ್ ವಿಡ್ಲಾರ್ 1965ರಲ್ಲಿ ಮಾಡಿದ ಅದರ ಅಣ್ಣ 709ಕ್ಕೆ ಹೊರಗಿನಿಂದ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಪುಟ್ಟ ಭಾಗ) ಹಾಕದಿದ್ದರೆ ತಾನಾಗಿ ಕಿರುಚಲು ಶುರು ಮಾಡುತ್ತಿತ್ತು. 1968ರಲ್ಲಿ ಡೇವ್ ಫುಲ್ಲಾಗರ್ 30 ಪಿಕೋಫ್ಯಾರಡ್ ಕೆಪಾಸಿಟರನ್ನು ಚಿಪ್ಪಿನೊಳಗೇ ಕೂರಿಸಿ 741 ಮಾಡಿದ. "ಸೊಸೆ ಮರೆಯುತ್ತಾಳೆ ಅಂತ ಅತ್ತೆಯೇ ಉಪ್ಪು ಹಾಕಿಟ್ಟ ಹಾಗೆ" ಅಂದಿದ್ದರು ಸಾರ್. ಈಗ ಹಾಗೆ ಹೇಳಿದರೆ ಹುಡುಗಿಯರು ಬಿಡುವುದಿಲ್ಲ. ಆಗ ನಮ್ಮ ಕ್ಲಾಸಿನಲ್ಲಿ ಇದ್ದದ್ದೇ ಮೂವರು.

ಇನ್ನು ಡ್ರಾಯರ್ ಪ್ರಸಂಗ. ಎರಡನೇ ವರ್ಷ ನಾನು ಊಟದ ದುಡ್ಡು ಉಳಿಸಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಟಿಕ್ ಟಿಕ್ ಅಂತ ಮಿಡಿಯುವ ಒಂದು 555 ಟೈಮರ್ ಚಿಪ್ಪು, ಬೆಳಕು ಬಿದ್ದರೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುವ ಒಂದು ಎಲ್‌ಡಿಆರ್, ಪುಟ್ಟ ಸ್ಪೀಕರ್ ತಂದೆ. ಹ್ಯಾನ್ಸ್ ಕ್ಯಾಮೆನ್ಜಿಂಡ್ 1971ರಲ್ಲಿ 555 ರೂಪಿಸುವಾಗ ಮೊದಲು ಒಳಗೆ ಒಂದೇ ಸಮ ಕರೆಂಟ್ ಕೊಡುವ ಕರೆಂಟ್ ಸೋರ್ಸ್ ಇಟ್ಟಿದ್ದನಂತೆ, ಚಿಪ್ಪಿಗೆ ಒಂಬತ್ತು ಕಾಲು (ಪಿನ್ನು) ಬೇಕಿತ್ತು. ಆಮೇಲೆ ಅದನ್ನು ಕಿತ್ತು, ಹೊರಗಿನ ಸಾದಾ ರೆಸಿಸ್ಟರ್ ಸಾಕು ಅಂದ. ಕಾಲು ಎಂಟಾಯಿತು. ಆ ರೆಸಿಸ್ಟರ್ ಜಾಗದಲ್ಲಿ ನಾನು ಎಲ್‌ಡಿಆರ್ ಕೂರಿಸಿದೆ. ಬೆಳಕು ಹೆಚ್ಚಿದಷ್ಟೂ ಮಿಡಿತ ಬೇಗ ಬೇಗ. ಒಂಬತ್ತು ವೋಲ್ಟ್ ಬ್ಯಾಟರಿ ಸಿಕ್ಕಿಸಿ ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿಟ್ಟೆ.

ಡ್ರಾಯರ್ ಮುಚ್ಚಿದ್ದರೆ ಕತ್ತಲು. ಟಿಕ್... ಟಿಕ್... ಹಲ್ಲಿ ಲೊಚಗುಟ್ಟಿದ ಹಾಗೆ. ಸಾರ್ ಹಾಜರಿ ಪುಸ್ತಕಕ್ಕೆ ಡ್ರಾಯರ್ ಎಳೆದರು. ಕೀಂssss! ಇಡೀ ಕ್ಲಾಸು ಬೆಂಚಿನ ಕೆಳಗೆ. ಸಾರ್ ಮುಖದಲ್ಲಿ ಏನೂ ಇಲ್ಲ. ಮುಚ್ಚಿದರು, ಟಿಕ್. ತೆರೆದರು, ಕೀಂ. ಅರ್ಧ ತೆರೆದು ಕಿವಿಗೆ ಕೈ ಹಿಡಿದು ಕೇಳಿದರು. "555" ಅಂದರು. ಬೋರ್ಡನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ಒಂದೊಂದೇ ತಂತಿ ನೋಡಿದರು. "ಐದನೇ ಕಾಲು ಯಾಕಪ್ಪಾ ಬರಿದಾಗಿದೆ? ಗ್ರೌಂಡಿಗೊಂದು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕೋಕೆ ಏನು ದಾಡಿ? ಯಾವನು ಇದನ್ನು ಮಾಡಿದ್ದು?"

ನಾನು ಎದ್ದು ನಿಂತೆ. ಪ್ರಾಮಾಣಿಕತೆ ಅಂತ ನಂಬಬೇಡಿ. ಮಾಡಿದವನು ನಾನೇ ಅಂತ ಎಲ್ಲರಿಗೂ ಗೊತ್ತಾಗಲಿ ಅನ್ನೋ ಜಂಬ, ಅಷ್ಟೇ. ಒಳಗಿನ ಮೂರು ರೆಸಿಸ್ಟರುಗಳ ಏಣಿಯಲ್ಲಿ ಐದನೇ ಕಾಲು ಎಲ್ಲಿಗೆ ಅಂಟಿದೆ, ಅಲ್ಲಿ ಗಲಾಟೆ (ಬೇಡದ ಸಿಗ್ನಲ್) ಸೇರಿದರೆ ಟೈಮಿಂಗ್ ಹೇಗೆ ಅಲ್ಲಾಡುತ್ತೆ, ಎಲ್ಲ ಬೋರ್ಡಿನಲ್ಲಿ ಬರೆಸಿದರು. ಮರುದಿನ ಕೆಪಾಸಿಟರ್ ತಾವೇ ಬೆಸುಗೆ ಹಾಕಿಕೊಂಡು ಬಂದರು. ಆಮೇಲೆ ಹದಿನೈದು ದಿನ ಕ್ಲಾಸಿನಲ್ಲಿ ಮಾತು ಜಾಸ್ತಿಯಾದಾಗಲೆಲ್ಲ ಸುಮ್ನೆ ಡ್ರಾಯರ್ ಎಳೆಯುತ್ತಿದ್ದರು.

ಮೊನ್ನೆ ಕಾಲೇಜಿಗೆ ಹೋದಾಗ ಲ್ಯಾಬ್ ನೋಡಿದೆ. ಕಂಪ್ಯೂಟರ್ ಸಾಲು, ಎಸಿ. ಸುಟ್ಟ ರೆಸಿಸ್ಟರಿನ ವಾಸನೆಯೇ ಇಲ್ಲ. ಸರ್ಕ್ಯೂಟೆಲ್ಲ ಸಿಮ್ಯುಲೇಟರಿನಲ್ಲಿ. ಅಲ್ಲಿ ಐದನೇ ಕಾಲು ಬರಿದಿದ್ದರೂ ಚೆನ್ನಾಗೇ ಓಡುತ್ತೆ, ಗಲಾಟೆ ಇರೋದೇ ಇಲ್ಲವಲ್ಲ. ನಾನೂ ಹೊಟ್ಟೆ ಹೊರೆಯುವುದು ಸಿಮ್ಯುಲೇಟರಿನಲ್ಲೇ, ಬೈಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಆದರೂ ನನ್ನ ಹೆಸರಿನಲ್ಲಿರುವ ಎರಡು ಪೇಟೆಂಟ್‌ಗಳೂ (ಹೇಳಿಕೊಳ್ಳಬಾರದು, ಹೇಳುತ್ತಿದ್ದೇನೆ) ಮೊದಲು ಹುಟ್ಟಿದ್ದು ಬ್ರೆಡ್‌ಬೋರ್ಡಿನಲ್ಲಿ, ಅಂದರೆ ಭಾಗಗಳನ್ನು ಕೈಯಾರೆ ಸಿಕ್ಕಿಸಿ ನೋಡುವ ತೂತಿನ ಹಲಗೆಯಲ್ಲಿ, ಏನೋ ಕೆಟ್ಟಾಗ.

ಎರಡು ವರ್ಷದ ಹಿಂದೆ ಸಾರ್ ಮನೆಗೆ ಹೋಗಿದ್ದೆ. ಕಿವಿಗೆ ಮಷೀನು ಬಂದಿತ್ತು. ವಿಡ್ಲಾರ್ ಕಥೆ ಹೇಳಿದೆ. ಅವನು ತನ್ನ ಆಫೀಸಿನಲ್ಲಿ ಒಂದು ಸರ್ಕ್ಯೂಟ್ ಇಟ್ಟಿದ್ದನಂತೆ, ಯಾರಾದರೂ ಜೋರಾಗಿ ಕೂಗಾಡಿದರೆ ಅದೂ ಕೂಗುತ್ತಿತ್ತು, ಅವರು ಬಾಯಿ ಮುಚ್ಚಿದರೆ ಅದೂ ತೆಪ್ಪಗಾಗುತ್ತಿತ್ತು. "ನಿಮ್ಮ ಡ್ರಾಯರ್ ಹಾಗೆ ಸಾರ್!" ಅಂತ ಅವರ ಕಿವಿಯ ಹತ್ತಿರ ಬಗ್ಗಿದೆ. ಮಷೀನು ಕುಂಯ್ ಅಂತ ಸಿಳ್ಳೆ ಹಾಕಿತು. ಸಾರ್ ನಕ್ಕು, ಬೆರಳೆತ್ತಿ, "ಇದು ಯಾವ ಫೀಡ್‌ಬ್ಯಾಕೋ?" ಅಂದರು.

"ಪಾಸಿಟಿವ್ ಸಾರ್."

"ಯಾಕೆ?"

ಸ್ಪೀಕರಿನ ಸದ್ದು ಕಿವಿಯಿಂದ ಸೋರಿ ಮೈಕಿಗೆ ಹೇಗೆ ವಾಪಸ್ ಬರುತ್ತೆ ಅಂತ ಶುರು ಮಾಡಿದೆ. ಸಿಳ್ಳೆ ನಿಲ್ಲಲಿಲ್ಲ. ಅವರು ಮಷೀನು ತೆಗೆದು ಸ್ವಿಚ್ ಆರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡರು. ನನ್ನ ಉತ್ತರ ಅವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಆದರೂ ನಾನು ಮುಗಿಸುವವರೆಗೆ ತಲೆ ಆಡಿಸುತ್ತ ಕೂತಿದ್ದರು.