ಟೆಂಪೆಸ್ಟ್ ಷೇಕ್ಸ್‌ಪಿಯರನ ವಿದಾಯದ ನಾಟಕವಾ?

ಷೇಕ್ಸ್‌ಪಿಯರ್ ಮಾತು ಬಂದಾಗೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಟೆಂಪೆಸ್ಟ್ ನಾಟಕದ ಮಾಂತ್ರಿಕ ಪ್ರಾಸ್ಪೆರೊ ಕೊನೆಗೆ ಮಂತ್ರದಂಡ ಮುರಿದು, ಪುಸ್ತಕ ನೀರಿಗೆ ಹಾಕ್ತೀನಿ ಅಂತಾನಲ್ಲ, ಅದು ಷೇಕ್ಸ್‌ಪಿಯರ್ ತಾನೇ ರಂಗಭೂಮಿ ಬಿಟ್ಟು ಹೊರಟಿದ್ದು ಅಲ್ವಾ?"

ನನಗೆ ಹಾಗನ್ನಿಸುವುದಿಲ್ಲ. ಈ ನಾಟಕ 1611ರ ನವೆಂಬರ್ 1ರಂದು ದೊರೆ ಜೇಮ್ಸನ ಆಸ್ಥಾನದಲ್ಲಿ ನಡೆಯಿತು. ಆಮೇಲೂ ಷೇಕ್ಸ್‌ಪಿಯರ್ ಇನ್ನೊಬ್ಬ ನಾಟಕಕಾರ ಜಾನ್ ಫ್ಲೆಚರ್ ಜೊತೆ ಸೇರಿ ನಾಟಕ ಬರೆದ. 1613ರಲ್ಲಿ ಲಂಡನ್ನಿನಲ್ಲಿ ಮನೆಯನ್ನೂ ಕೊಂಡ. ಅದೇ ವರ್ಷ ಜೂನ್ 29ರಂದು, ಇಬ್ಬರೂ ಸೇರಿ ಬರೆದ 'ಎಂಟನೇ ಹೆನ್ರಿ' ನಾಟಕ ನಡೆಯುತ್ತಿದ್ದಾಗಲೇ, ಅದಕ್ಕಾಗಿ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಆತನ ತಂಡದ ಗ್ಲೋಬ್ ರಂಗಮಂದಿರ ಸುಟ್ಟುಹೋಯಿತು.

ಎಲ್ಲ ಮುಗಿಯುತ್ತದೆ ಅನ್ನುವ ಆ ಪ್ರಸಿದ್ಧ ಮಾತನ್ನೇ ನೋಡಿ. ಗೋಪುರ, ಅರಮನೆ, ಗುಡಿ, ಈ ಭೂಮಿ ಎಲ್ಲ ಕರಗಿಹೋಗುತ್ತೆ, ಒಂದು ಚೂರು ಮೋಡವೂ ಉಳಿಯಲ್ಲ, ನಾವೆಲ್ಲ ಕನಸಾಗುವ ವಸ್ತುವಿನಿಂದಲೇ ಆದವರು, ನಮ್ಮ ಪುಟ್ಟ ಬದುಕಿನ ಸುತ್ತ ನಿದ್ದೆ ಇದೆ ಅಂತಾನೆ ಪ್ರಾಸ್ಪೆರೊ. ಇದು ಬರುವುದು ನಾಟಕದ ಕೊನೆಯಲ್ಲಲ್ಲ, ನಾಲ್ಕನೇ ಅಂಕದಲ್ಲಿ. ಮಗಳು ಮಿರಾಂಡಾ ಮತ್ತು ಅವಳನ್ನು ಮದುವೆಯಾಗುವ ಫರ್ಡಿನಾಂಡನಿಗಾಗಿ ದೇವತೆಗಳ ಆಟ ಕಟ್ಟಿಸಿದ್ದಾನೆ. ದ್ವೀಪದಲ್ಲಿ ತಾನು ಆಳಾಗಿ ಇಟ್ಟುಕೊಂಡಿರುವ ಕ್ಯಾಲಿಬನ್ ತನ್ನನ್ನು ಕೊಲ್ಲಲು ಸಂಚು ಮಾಡಿರುವುದು ತಟ್ಟನೆ ನೆನಪಾಗಿ ಆಟವನ್ನು ನಡುವೆಯೇ ನಿಲ್ಲಿಸುತ್ತಾನೆ. ಅಪ್ಪ ಇಷ್ಟು ಸಿಟ್ಟಾಗಿದ್ದನ್ನು ಇವತ್ತಿನವರೆಗೂ ನೋಡಿಲ್ಲ ಅಂತಾಳೆ ಮಗಳು. ಆ ಸಿಟ್ಟಿನಲ್ಲೂ ಅವನು ಗಾಬರಿಯಾದ ಹುಡುಗನಿಗೆ ಮೊದಲು ಹೇಳುವುದು ಖುಷಿಯಾಗಿರು ಅಂತ, ಮಾತು ಮುಗಿದ ಕೂಡಲೇ ನನ್ನ ಮುದಿ ತಲೆ ಕೆಟ್ಟಿದೆ, ಸಹಿಸಿಕೋ ಅಂತ. ನನಗೆ ಈ ನಾಟಕದಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ ಇದು. ಎಲ್ಲವೂ ಹೋಗುತ್ತೆ ಅಂತ ಗೊತ್ತಿದ್ದವನು ಎದುರಿಗಿರುವ ಹುಡುಗನನ್ನು ಸಮಾಧಾನ ಮಾಡುತ್ತಾನೆ, ಆಮೇಲೆ ಬಾಕಿ ಇರುವ ಕೆಲಸಕ್ಕೆ ಹೋಗುತ್ತಾನೆ.

ಇದೇ ಷೇಕ್ಸ್‌ಪಿಯರ್ 1609ರಲ್ಲಿ ಅಚ್ಚಾದ ತನ್ನ ಹದಿನಾಲ್ಕು ಸಾಲಿನ ಪದ್ಯಗಳಾದ ಸಾನೆಟ್‌ಗಳಲ್ಲಿ ನನ್ನ ಪದ್ಯ ಅಮೃತಶಿಲೆಗಿಂತ ಜಾಸ್ತಿ ಬಾಳುತ್ತೆ ಅಂದಿದ್ದ. ಎರಡನ್ನೂ ಆತ ನಂಬಿದ್ದ ಅಂತಲೇ ನಾನು ಓದಿಕೊಳ್ಳುತ್ತೇನೆ. ಆದರೆ ನಾಟಕಗಳನ್ನು ಉಳಿಸುವ ಕೆಲಸ ಮಾಡಿದವರು ಬೇರೆಯವರು. ಆತನ ಉಯಿಲಿನಲ್ಲಿ ನಾಟಕಗಳ ಹೆಸರೇ ಇಲ್ಲ! ಉಂಗುರ ಕೊಳ್ಳಿ ಅಂತ ಮೂವರು ಜೊತೆ ನಟರಿಗೆ ಒಂದಿಷ್ಟು ಹಣ ಬರೆದಿಟ್ಟಿದ್ದ, ಅಷ್ಟೇ. ಆತ ತೀರಿಕೊಂಡದ್ದು 1616ರಲ್ಲಿ. ಆ ಮೂವರಲ್ಲಿ ಇಬ್ಬರು, ಜಾನ್ ಹೆಮಿಂಗ್ಸ್ ಮತ್ತು ಹೆನ್ರಿ ಕಾಂಡೆಲ್, 1623ರಲ್ಲಿ 36 ನಾಟಕಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದರು. ಅವುಗಳಲ್ಲಿ ಸುಮಾರು ಅರ್ಧ ಅದುವರೆಗೆ ಅಚ್ಚೇ ಆಗಿರಲಿಲ್ಲ. ಮ್ಯಾಕ್‌ಬೆತ್, ಜೂಲಿಯಸ್ ಸೀಸರ್ ಆ ಪಟ್ಟಿಯಲ್ಲಿವೆ. ಟೆಂಪೆಸ್ಟ್ ಕೂಡ. ಅದನ್ನು ಅವರು ಪುಸ್ತಕದ ಮೊದಲ ನಾಟಕವಾಗಿ ಇಟ್ಟರು. ಕುವೆಂಪು ಅದರಿಂದಲೇ ನಮ್ಮ ಕನ್ನಡದ 'ಬಿರುಗಾಳಿ' ಮಾಡಿದರು. ಆ ಇಬ್ಬರು ನಟರು ಸುಮ್ನೆ ಇದ್ದುಬಿಟ್ಟಿದ್ದರೆ ಕುವೆಂಪು ಅವರಿಗೆ ಆ ನಾಟಕ ಸಿಗುತ್ತಲೇ ಇರಲಿಲ್ಲವೇನೋ.