ಆ ಆರು ನಿಮಿಷ ಯಾರ ಖಾತೆಗೆ?

ಇವತ್ತು ಮಡಗಾಂವ್ ಮಾರ್ಕೆಟ್‌ನಲ್ಲಿ ಗದಗಿನ ಕಾಕಾ ಒಬ್ಬರು ಟೊಮೇಟೊ ತೂಗುತ್ತಲೇ ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಹಳೇ ಗಾಯ ಕೆದಕಿದರು. 'ಎಲ್ಲಾ ಆ ಡಿಫೆಂಡರ್‌ಗಳದ್ದೇ ತಪ್ಪು ನೋಡ್ರಿ.'

2024ರ ಏಪ್ರಿಲ್, ಇಲ್ಲೇ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ನ ಮೊದಲ ಲೆಗ್, ಅಂದ್ರೆ ಎರಡು ಪಂದ್ಯಗಳಲ್ಲಿ ಮೊದಲನೆಯದು. 90ನೇ ನಿಮಿಷದ ತನಕ ಎಫ್‌ಸಿ ಗೋವಾ 2-0 ಮುಂದೆ. ಆಗ ಮುಂಬೈ ಸಿಟಿಯ ಛಾಂಗ್ಟೆ ಒಂದು ಗೋಲು ಹೊಡೆದರು. ಮರುನಿಮಿಷ ಅದೇ ತಂಡದ ವಿಕ್ರಮ್ ಪ್ರತಾಪ್. 90 ನಿಮಿಷದ ಮೇಲೆ ಕೊಡೋ ಇಂಜುರಿ ಟೈಮ್‌ನ ಆರನೇ ನಿಮಿಷಕ್ಕೆ ಮತ್ತೆ ಛಾಂಗ್ಟೆ. ಮುಂಬೈ ಸಿಟಿ 3, ಗೋವಾ 2.

ಡಿಫೆಂಡರ್‌ಗಳದ್ದು ತಪ್ಪು, ಸರಿ. ಆದರೆ ಅವರದ್ದೊಂದೇನಾ? ಅಂಥ ಹೊತ್ತಲ್ಲಿ ಬಾಲ್ ತಗೊಂಡು ಹೋಗಿ ಎದುರಾಳಿಯ ಕಾರ್ನರ್ ಬಳಿ ಸುಮ್ನೆ ಸತಾಯಿಸಿ ಟೈಮ್ ಕಳೆಯೋದು ಫಾರ್ವರ್ಡ್‌ಗಳ ಕೆಲಸ. ಮೊದಲ ಗೋಲು ಬಿದ್ದಾಗ ಎಲ್ಲರನ್ನೂ ತಡೆದು ಉಸಿರಾಡಿಸೋದು ಮಿಡ್‌ಫೀಲ್ಡ್ ಕೆಲಸ. ಬೆಂಚ್‌ನಲ್ಲಿರೋರಿಗೂ ಪಾಲಿದೆ. ನನ್ನ ಪ್ರಕಾರ ಎರಡನೇ ಗೋಲಿಗೇ ಜಾಸ್ತಿ ಬೈಯಬೇಕು, ಮೂರನೆಯದಕ್ಕಲ್ಲ.

'ಹಂಗಾರ ಕೋಚ್‌ಗೆ ಕಾಲು ಕಿಲೋ ತಪ್ಪು ಹಾಕೂಣೇನ್ರಿ?' ಅಂದರು ಕಾಕಾ.

ಐದು ದಿನ ಬಿಟ್ಟು ಮುಂಬೈಯಲ್ಲಿ ಎರಡನೇ ಲೆಗ್ 2-0 ಸೋತಿದ್ದೂ ಇದೇ ಗೋವಾ ತಂಡ. ಅದರ ಬಗ್ಗೆ ಯಾರೂ ಜಗಳಾನೇ ಆಡಲ್ಲ, ವಿಚಿತ್ರ ಅಲ್ವಾ?