ಸಮಾವೇಶದ ಖರ್ಚು

ಟಿವಿಯಲ್ಲಿ ಯಾವ ಪಕ್ಷದ ಸಮಾವೇಶ ಬಂದರೂ ನನ್ನ ಕಣ್ಣು ವೇದಿಕೆಗಿಂತ ಪೆಂಡಾಲಿನ ಕಡೆಗೇ ಹೋಗುತ್ತದೆ. ಸಾಲು ಸಾಲು ಎಲ್‌ಇಡಿ ಪರದೆ, ತಲೆ ಮೇಲೆ ಡ್ರೋನ್, ದಾರಿಯುದ್ದಕ್ಕೂ ಕಟೌಟು. ಊಟ ಮುಗಿದ ಕೂಡಲೇ ಹಿಂದಿನ ಸಾಲಿನವರು ಎದ್ದು ಹೊರಟಿರುತ್ತಾರೆ. ಮುಖ್ಯ ಭಾಷಣದ ಹೊತ್ತಿಗೆ ಅಲ್ಲಿ ಖಾಲಿ ಕುರ್ಚಿ, ಅರ್ಧ ಕುಡಿದಿಟ್ಟ ನೀರಿನ ಬಾಟಲಿ. ಕ್ಯಾಮೆರಾ ಮಾತ್ರ ಜಾಣ, ಆ ಕಡೆ ತಿರುಗುವುದೇ ಇಲ್ಲ!

ತಮಾಷೆ ಅಂದರೆ, ನಮ್ಮ ಲೋಕಸಭೆ ಅಭ್ಯರ್ಥಿಗೆ ಚುನಾವಣಾ ಖರ್ಚಿನ ಮಿತಿ ಇದೆ. 2022ರಿಂದ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿ. ಪಕ್ಷಕ್ಕೆ? ಮಿತಿಯೇ ಇಲ್ಲ. ಚುನಾವಣೆ ಇಲ್ಲದ ಕಾಲದ ಸಮಾವೇಶವಂತೂ ಯಾವ ಅಭ್ಯರ್ಥಿಯ ಲೆಕ್ಕಕ್ಕೂ ಬರುವುದಿಲ್ಲ.

ಅಮೆರಿಕದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸಮಾವೇಶಕ್ಕೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. 2012ರಲ್ಲಿ ಎರಡು ದೊಡ್ಡ ಪಕ್ಷಗಳಿಗೆ ತಲಾ ಸುಮಾರು 1.8 ಕೋಟಿ ಡಾಲರ್. 2014ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಿದರು, ಮಕ್ಕಳ ಕಾಯಿಲೆಗಳ ಸಂಶೋಧನೆ ಕಡೆಗೆ ತಿರುಗಿಸಿದರು. ಹಾಗಂತ ಅಲ್ಲಿ ಸಮಾವೇಶದ ಕೊನೆಗೆ ಮೇಲಿಂದ ಬಲೂನು ಸುರಿಸುವ ಸಂಭ್ರಮವೇನೂ ನಿಂತಿಲ್ಲ. ದೇಣಿಗೆ ದುಡ್ಡಲ್ಲಿ ಜೋರಾಗೇ ನಡೆಯುತ್ತದೆ, ಭದ್ರತೆಯ ಖರ್ಚು ಈಗಲೂ ಜನರ ತೆರಿಗೆಯಿಂದಲೇ.

ಕಾರ್ಯಕರ್ತರು ಒಂದು ಕಡೆ ಸೇರಬೇಕು, ಮಾತಾಡಬೇಕು, ಜಗಳವನ್ನೂ ಆಡಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಷ್ಟೆಲ್ಲ ಖರ್ಚು ಮಾಡಿದ ಸಮಾವೇಶದಲ್ಲಿ ಒಬ್ಬ ಸಾಮಾನ್ಯ ಕಾರ್ಯಕರ್ತನ ಕೈಗೆ ಮೈಕ್ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?